ಕಶೀದಾ: ಎಳೆದ ನೂಲಿನ ಹೆಸರು

ದುಪಟ್ಟಾದ ಅಂಚಿಗೆ, ದಿಂಬಿನ ಗವಸಿಗೆ, ಟೋಪಿಗೆ ಸೂಜಿಯಿಂದ ಹೂಬಳ್ಳಿ ಹಾಕುವ ಕೆಲಸವನ್ನು ನಮ್ಮ ಮನೆಗಳಲ್ಲಿ ‘ಕಶೀದಾ’ ಎನ್ನುತ್ತೇವೆ. ನಬಿ(ಸ)ಯವರ ಗುಣಗಾನದ ಕಾವ್ಯವನ್ನು ‘ಕಸೀದಾ’ ಎನ್ನುತ್ತೇವೆ. ಕನ್ನಡದಲ್ಲಿ ಅಚ್ಚಾದಾಗ ಎರಡಕ್ಕೂ ಒಂದೇ ಅಕ್ಷರದ ಅಂತರ. ಉರ್ದು ಓದಲು ಬಾರದ ಮಕ್ಕಳು ಎರಡನ್ನೂ ಒಂದೇ ಎಂದು ತಿಳಿಯುವುದು ಸಹಜ.

ಕಸೀದಾ ಅರಬಿ ಪದ. ಗುರಿಯಿಟ್ಟು ಸಾಗು ಎಂಬುದು ಅದರ ಮೂಲದ ಅರ್ಥ. 13ನೇ ಶತಮಾನದಲ್ಲಿ ಈಜಿಪ್ಟಿನ ಇಮಾಮ್ ಬೂಸೀರಿ ರಚಿಸಿದ ‘ಕಸೀದಾ ಬುರ್ದಾ’ವನ್ನು ನಾವೆಲ್ಲ ಕೇಳಿದ್ದೇವೆ.

ಕಶೀದಾ ಫಾರ್ಸಿ ಪದ. ‘ಕಶೀದನ್’ ಎಂದರೆ ಎಳೆಯುವುದು, ‘ಕಶೀದಾ’ ಎಂದರೆ ಎಳೆದದ್ದು. ಸೂಜಿ ಚುಚ್ಚಿ ನೂಲನ್ನು ಎಳೆದರೆ ತಾನೇ ಹೂವು ಮೂಡುವುದು? ಅರಬಿ ಬರಹದಲ್ಲಿ ಎರಡು ಅಕ್ಷರಗಳ ನಡುವಿನ ಗೆರೆಯನ್ನು ಉದ್ದಕ್ಕೆ ಎಳೆಯುವುದಕ್ಕೂ ಇದೇ ಹೆಸರು. ‘ಬಿಸ್ಮಿಲ್ಲಾಹ್’ ಬರೆದ ಫಲಕಗಳಲ್ಲಿ ಸೀನ್ ಮತ್ತು ಮೀಮ್ ನಡುವಿನ ಉದ್ದನೆಯ ಗೆರೆಯನ್ನು ನೋಡಿ, ಅದೂ ಕಶೀದಾ. ಕನ್ನಡದಲ್ಲೂ ನೂಲಿಗೆ ‘ಎಳೆ’ ಎನ್ನುತ್ತೇವೆ, ಜಗ್ಗುವುದಕ್ಕೂ ‘ಎಳೆ’ ಎನ್ನುತ್ತೇವೆ.

ಜರದೋಜಿಯೂ ಫಾರ್ಸಿಯೇ. ‘ಜರ್’ ಎಂದರೆ ಚಿನ್ನ, ‘ದೋಜಿ’ ಎಂದರೆ ಹೊಲಿಗೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ‘ಜರಿ’ಯಲ್ಲಿರುವುದೂ ಅದೇ ಜರ್. ಜರಿ ಮಗ್ಗದಲ್ಲಿ ನೇಯುವಾಗಲೇ ಸೇರುತ್ತದೆ. ಜರದೋಜಿ, ಕಶೀದಾಗಳನ್ನು ನೇಯ್ದ ಬಟ್ಟೆಯ ಮೇಲೆ ಸೂಜಿಯಿಂದ ಮಾಡುತ್ತಾರೆ. ಧಾರವಾಡದ ಕಡೆಯ ‘ಕಸೂತಿ’ಯನ್ನು ಕೈ ಮತ್ತು ಸೂತಿ, ಅಂದರೆ ಕೈಯಿಂದ ಮಾಡಿದ ನೂಲಿನ ಕೆಲಸ, ಎಂದು ಬಿಡಿಸಿ ಹೇಳುವುದು ರೂಢಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಅದರ ನಾಲ್ಕು ಹೊಲಿಗೆಗಳು.

ದೂರದ ನುಡಿ, ಲಿಪಿಗಳು ನಮ್ಮ ನೆಲಕ್ಕೆ ಹೊಸತಲ್ಲ. ನಮ್ಮ ಸಿದ್ದಾಪುರದಲ್ಲೂ ಪಕ್ಕದ ಬ್ರಹ್ಮಗಿರಿಯಲ್ಲೂ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡ. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ಕೊನೆಗೆ ‘ಲಿಪಿಕಾರ’ ಎಂಬರ್ಥದ ಪದವೊಂದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಅದು ವಾಯವ್ಯ ಭಾರತದ ಲಿಪಿ. ಅರಬಿಯಂತೆ ಬಲದಿಂದ ಎಡಕ್ಕೆ ಸಾಗುತ್ತದೆ. ತನ್ನ ಕಸುಬಿನ ಹೆಸರನ್ನು ಅವನು ಅಷ್ಟು ಹೆಮ್ಮೆಯಿಂದ ಕೆತ್ತಿಸಿದ.

ಕಶೀದಾ ಹಾಕುವ ನಮ್ಮ ಅಮ್ಮಂದಿರ, ಆಪಾಗಳ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ‘ಮನೆಯಲ್ಲಿ ಕೂತು ಮಾಡುವ ಬಿಡುವಿನ ಕೆಲಸ’ ಎಂದು ಅವರ ಮಜೂರಿಯಲ್ಲಿ ಚೌಕಾಸಿ ಮಾಡುವವರೂ, ಹಬ್ಬ ಕಳೆದ ಮೇಲೆ ಕೊಡುವವರೂ ಇದ್ದಾರೆ. ಕೂಲಿಯನ್ನು ತಡಮಾಡಬಾರದೆಂಬ ಬೋಧನೆ ಸೂಜಿ ಹಿಡಿದ ಕೈಗೂ ಸಲ್ಲುತ್ತದೆ. ಮಕ್ಕಳಿಗೆ ಈ ಪದದ ಅರ್ಥವನ್ನು ಹೇಳಿಕೊಡೋಣ. ಬಟ್ಟೆಯ ಒಂದೊಂದು ಎಳೆಯನ್ನೂ ಒಂದು ಕೈ ಎಳೆದಿದೆ ಎಂಬುದು ಆ ಹೆಸರಿನಲ್ಲೇ ಇದೆ.