ಮೊದಲನೆಯ ಉತ್ತರ

ಮುದ್ದೇಬಿಹಾಳದಿಂದ ನಾಲತವಾಡಕ್ಕೆ ಹೊರಟ ಬಸ್ಸಿನಲ್ಲಿ ಅಪರಿಚಿತನೊಬ್ಬನು ಬಂದು ಕುಳಿತನೆಂದರೆ, ಪಕ್ಕದವರು ತುಸು ಸರಿದು ಅವನ ಚೀಲಕ್ಕೂ ಎಡೆಮಾಡಿಕೊಟ್ಟು, ಕಂಡಕ್ಟರನು ಟಿಕೀಟು ಹರಿಯುವ ಮುನ್ನವೇ ‘ಯಾವೂರ್ರೀ ನಿಮ್ದು?’ ಎಂದು ಕೇಳುವುದು ಈ ಸೀಮೆಯ ವಾಡಿಕೆ. ಊರಿನ ಬೆನ್ನಿಗೆ ಅಡ್ಡಹೆಸರು, ಅಡ್ಡಹೆಸರಿನ ಬೆನ್ನಿಗೆ ‘ಯಾರ ಪೈಕಿ?’ ಎಂಬ ವಿಚಾರಣೆ, ಅದರ ಹಿಂದೆ ಬೀಗತನದ ಪ್ರಸ್ತಾಪ. ಇಳಿಯುವಷ್ಟರಲ್ಲಿ ದೂರದ ನಂಟೊಂದು ಹೊರಬಿದ್ದು ಊಟದ ಕರೆಯೂ ಬಂದಿರುತ್ತದೆ. ಇದರಲ್ಲಿ ಜಾತಿಯ ಶೋಧವೂ ಉಂಟು, ಆತಿಥ್ಯವೂ ಉಂಟು. ಆದರೆ ಉತ್ತರ ದೊರೆತ ಮೇಲೂ ಪ್ರಶ್ನೆಯು ನಿಲ್ಲದೆ, ಮೈಬಣ್ಣವನ್ನೂ ಕೂದಲನ್ನೂ ಸಾಕ್ಷಿಗೆ ಕರೆದು ಮತ್ತೆ ಮತ್ತೆ ಏಳತೊಡಗಿದರೆ, ಆತಿಥ್ಯವು ಅಲ್ಲಿಗೆ ಮುಗಿದು ತನಿಖೆಯು ಆರಂಭವಾಯಿತೆಂದೇ ತಿಳಿಯಬೇಕು.

ಈ ತನಿಖೆಯನ್ನು ಕನ್ನಡಿಗರಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಸಹಿಸಿದವರು ಉತ್ತರ ಕನ್ನಡದ ಸಿದ್ದಿಗಳು. 16ನೆಯ ಶತಮಾನದಿಂದ ಮೊದಲ್ಗೊಂಡು ಪೋರ್ಚುಗೀಸರು ಪೂರ್ವ ಆಫ್ರಿಕದ ತೀರದಿಂದ ಗೋವೆಗೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಅರಣ್ಯವನ್ನು ಸೇರಿದರು; ಅವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ, ಕನ್ನಡ ಕೊಂಕಣಿಗಳನ್ನಾಡುತ್ತ ಬಾಳುತ್ತಿದ್ದಾರೆ. ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಸಿದ್ದಿ ತರುಣನೊಬ್ಬನು ‘ಯಲ್ಲಾಪುರ’ ಎಂದರೆ, ‘ಅದಲ್ಲ, ಖರೇ ಯಾವ ದೇಶ?’ ಎಂಬ ಮರುಪ್ರಶ್ನೆ ಬರುತ್ತದೆ. ‘ಕನ್ನಡ ಎಲ್ಲಿ ಕಲಿತಿ?’ ಎಂಬ ಶ್ಲಾಘನೆ ಅದರ ಹಿಂದೆಯೇ ಬರುತ್ತದೆ. ಸರ್ಕಾರವು ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡದಲ್ಲಿ ಸೇರಿಸಿತು; 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕಾಗದಪತ್ರಗಳು ಒಪ್ಪಿಕೊಂಡುದನ್ನು ದಾರಿಹೋಕನ ಕಣ್ಣು ಇನ್ನೂ ಒಪ್ಪಿಲ್ಲ.

ಇಂತಹ ವಿಸ್ಮಯಕ್ಕೆ ವಿಜಯಪುರದ ಸೀಮೆಯವರಿಗಂತೂ ಕಾರಣವೇ ಇಲ್ಲ. ಪಶ್ಚಿಮ ಏಷ್ಯದಿಂದ ಬಂದು ಆದಿಲಶಾಹಿಯನ್ನು ಸ್ಥಾಪಿಸಿದ ಯೂಸುಫನು ಮರಾಠಾ ಮನೆತನದ ಹೆಣ್ಣನ್ನು ವರಿಸಿದನೆಂದೂ, ಎರಡನೆಯ ಸುಲ್ತಾನನಾದ ಇಸ್ಮಾಯಿಲನು ಆಕೆಯ ಮಗನೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲಶಹನ ಪ್ರಬಲ ಮಂತ್ರಿಯಾಗಿದ್ದ ಇಖ್ಲಾಸ್ ಖಾನನು ಹಬ್ಶಿ, ಅರ್ಥಾತ್ ಆಫ್ರಿಕದ ಮೂಲದವನು. ಆನೆಯ ಮೇಲೆ ಸುಲ್ತಾನನ ಬೆನ್ನಿಗೆ ಕುಳಿತ ಅವನ ಶ್ಯಾಮಲ ಮುಖವನ್ನು ಅಂದಿನ ಚಿತ್ರಕಾರರು ಯಾವ ಮರೆಮಾಚುವಿಕೆಯೂ ಇಲ್ಲದೆ ಬಿಡಿಸಿಟ್ಟಿದ್ದಾರೆ. ಬೆರೆಕೆಯಾದ ಮನೆತನಗಳನ್ನು ಶತಮಾನಗಳ ಹಿಂದೆಯೇ ಕಂಡ ನಾಡು ಇದು.

ಇಂದು ಹೊರದೇಶಗಳಲ್ಲಿ ನೆಲೆಸಿ ಬೇರೆ ಜನಾಂಗದವರನ್ನು ವರಿಸಿದ ಕನ್ನಡಿಗರ ಮನೆಗಳಿಗೆ ಈ ಪ್ರಶ್ನೆ ಎರಡು ಕಡೆಯಿಂದಲೂ ತಗಲುತ್ತದೆ. ಅಲ್ಲಿ, ಬಿಳಿಯ ಮೈಬಣ್ಣದ ಕೂಸನ್ನೆತ್ತಿಕೊಂಡ ಕನ್ನಡದ ತಾಯಿಯನ್ನು ‘ಕೂಸು ನೋಡಿಕೊಳ್ಳುವವಳೇ?’ ಎಂದು ಕೇಳುವವರುಂಟು. ಇಲ್ಲಿ, ಅದೇ ಕೂಸು ಅಜ್ಜಿಯ ಊರಿಗೆ ಬಂದಾಗ ಗಲ್ಲ ಹಿಂಡಿ ‘ಇದು ಯಾರ ಹಂಗ ಆಗೇದ?’ ಎನ್ನುವವರುಂಟು. ಕೇಳುವವರಲ್ಲಿ ದುರುದ್ದೇಶವಿರುವುದು ವಿರಳ. ಆದರೂ, ತನ್ನ ತಾಯಿ ತನ್ನವಳೆಂಬುದಕ್ಕೂ ರುಜುವಾತು ಬೇಕೆಂಬ ಪಾಠವನ್ನು ಕಿವಿಗೊಟ್ಟು ನಿಂತ ಮಗು ಕಲಿಯುತ್ತದೆ.

ಪ್ರಶ್ನೆಯ ಹಿಂದೆ ಅಧಿಕಾರವೂ ನಿಂತರೆ ಏನಾದೀತೆಂಬುದಕ್ಕೆ ಅಮೆರಿಕದ ವರ್ಜೀನಿಯಾ ಸಾಕ್ಷಿ. 1958ರಲ್ಲಿ ವಾಷಿಂಗ್ಟನ್ನಿನಲ್ಲಿ ವಿವಾಹವಾಗಿ ಊರಿಗೆ ಮರಳಿದ ಬಿಳಿಯ ರಿಚರ್ಡ್ ಲವಿಂಗ್, ಕಪ್ಪು ಮೂಲದ ಮಿಲ್ಡ್ರೆಡ್ ದಂಪತಿಗಳ ಶಯನಗೃಹಕ್ಕೆ ನಡುರಾತ್ರಿ ನುಗ್ಗಿದ ಷೆರಿಫನು, ಈ ಹೆಂಗಸು ಯಾರೆಂದು ಗಂಡನನ್ನು ಕೇಳಿದನು. ‘ನಾನು ಇವರ ಹೆಂಡತಿ’ ಎಂದು ಮಿಲ್ಡ್ರೆಡ್ಡಳೇ ಉತ್ತರಿಸಿದಳು. ಗೋಡೆಯ ಮೇಲೆ ವಿವಾಹದ ಪತ್ರವೂ ಇತ್ತು. ಉತ್ತರವನ್ನು ಕಾನೂನು ಒಪ್ಪಲಿಲ್ಲ. ದಂಪತಿಗಳು ಬಂಧನವನ್ನೂ ಗಡಿಪಾರನ್ನೂ ಅನುಭವಿಸಬೇಕಾಯಿತು. 1967ರ ಜೂನ್ 12ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂತಹ ವಿವಾಹಗಳನ್ನು ನಿಷೇಧಿಸುವ ಕಾನೂನುಗಳನ್ನು ರದ್ದುಗೊಳಿಸಿದಾಗ, ಅವು ಇನ್ನೂ 16 ರಾಜ್ಯಗಳಲ್ಲಿ ಜಾರಿಯಲ್ಲಿದ್ದವು.

ಎದುರು ಬಂದವನ ಮೂಲವನ್ನು ಕೆದಕದೆ ಮನೆಯ ಮಗನೆಂದೇ ಬಗೆಯಬೇಕೆಂದು 12ನೆಯ ಶತಮಾನದಲ್ಲಿಯೇ ಹಾಡಿದ ಬಸವಣ್ಣನವರು ನಮ್ಮ ವಿಜಯಪುರ ಜಿಲ್ಲೆಯ ಬಾಗೇವಾಡಿಯವರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪರಂಪರೆ ಹೇಳುವುದನ್ನು ನೆನೆದರೆ, ಆ ಮಾತು ಎಷ್ಟು ದುಬಾರಿಯದೆಂಬುದೂ ಅರಿವಾಗುತ್ತದೆ. ವಚನವನ್ನು ಸಭೆಯಲ್ಲಿ ಹಾಡುವ ನಾವು, ಅದನ್ನು ಸಂತೆಯಲ್ಲಿಯೂ ನಿಲ್ದಾಣದಲ್ಲಿಯೂ ಪಾಲಿಸುವ ಬಗೆ ಯಾವುದು?

ಊರು ಕೇಳುವುದನ್ನೇ ಬಿಡಬೇಕಾಗಿಲ್ಲ; ಕೇಳದೆ ಇರುವುದು ಈ ಕಡೆಯ ಜನಕ್ಕೆ ಸಾಧ್ಯವೂ ಅಲ್ಲ. ಬೇಕಾದುದು ಇಷ್ಟೇ: ಬಂದ ಮೊದಲನೆಯ ಉತ್ತರವನ್ನೇ ಪೂರ್ಣ ಉತ್ತರವೆಂದು ಸ್ವೀಕರಿಸುವುದು. ಯಲ್ಲಾಪುರವೆಂದವನೊಡನೆ ಯಲ್ಲಾಪುರದ ಮಳೆಯ ಮಾತನ್ನೂ ಅಡಕೆಯ ಧಾರಣೆಯನ್ನೂ ಆಡಬಹುದು; ಅಜ್ಜನ ಅಜ್ಜನ ಸಂಗತಿಯನ್ನು ಹೇಳಬೇಕೆನಿಸಿದರೆ ಅವನೇ ಹೇಳುತ್ತಾನೆ.