ಕೂದಲೆಳೆಯ ತೆರಪು

ಕೃಷ್ಣೆಗೆ ಮಹಾಪೂರ ಬಂದಾಗ ಸಾಂಗಲಿಯ ಜನ ಮೊದಲು ವಿಚಾರಿಸುವುದು ಆಯರ್ವಿನ್ ಸೇತುವೆಯ ಬಳಿ ನೀರು ಎಷ್ಟು ಅಡಿಗೆ ಏರಿತೆಂಬುದನ್ನು. ಅಲ್ಲಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ದಾಟಿತ್ತು. ಅದೇ ತಿಂಗಳ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ, ನೆರೆಯಿಂದ ಜನರನ್ನು ಹೊರತರುತ್ತಿದ್ದ ದೋಣಿಯೊಂದು ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಆ ದೋಣಿಯಲ್ಲಿ ಮಿತಿಮೀರಿ ಜನ ಏರಿದ್ದರು. ಅದರ ಹೊಣೆಯನ್ನು ಎಂಜಿನ್ನಿನ ಯಾವುದೋ ಬಿಡಿಭಾಗದ ಮೇಲೆ ಹೊರಿಸುವುದು ಸಲ್ಲದು. ಆದರೆ ಸೆಳವಿನ ನಡುವೆ ದೋಣಿಯ ಎಂಜಿನ್ ನಿಂತುಬಿಟ್ಟರೆ ಗತಿಯೇನು ಎಂಬ ಪ್ರಶ್ನೆ ನದಿದಂಡೆಯ ಊರುಗಳಿಗೆ ಅಂದಿನಿಂದ ದೂರದ ಪ್ರಶ್ನೆಯಾಗಿ ಉಳಿದಿಲ್ಲ.

ಎಂಜಿನ್ ನಿಲ್ಲುವುದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಒಂದು ನೀರಿನ ಮೇಲೆ ಹುಟ್ಟುವುದೇ ಇಲ್ಲ. ತಿಂಗಳುಗಳ ಮೊದಲೇ, ಎಂಜಿನ್ ಬಿಚ್ಚಿ ಕಟ್ಟುವ ಷೆಡ್ಡಿನಲ್ಲಿ ಹುಟ್ಟುತ್ತದೆ. ಸಾಂಗಲಿ, ಮಿರಜಗಳ ನಡುವಿನ ಕುಪವಾಡ ಎಂಐಡಿಸಿ ಇಂಥ ಕೆಲಸ ಬಲ್ಲವರ ನೆಲೆ. ಎರಕ, ಲೇತು, ಗ್ರೈಂಡಿಂಗುಗಳ ಈ ವಸಾಹತಿಗೆ ಜತ್ತ ಭಾಗದ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗರೂ ಕೆಲಸಕ್ಕೆ ಬರುತ್ತಾರೆ. ಅಲ್ಲಿನ ಮಾತು ಮರಾಠಿ, ಬಿಡಿಭಾಗಗಳ ಹೆಸರು ಇಂಗ್ಲಿಷು. ಅಂಕಿ ಮಾತ್ರ ಶಾಲೆಯಲ್ಲಿ ಕಲಿತದ್ದೇ. ಬೇರಿಂಗಿನ ಕೆಲಸ ನಿಂತಿರುವುದು ಆ ಅಂಕಿಯ ಮೇಲೆ, ಅದರಲ್ಲೂ ದಶಾಂಶ ಬಿಂದುವಿನ ನಂತರದ ಎರಡನೆಯ, ಮೂರನೆಯ ಸ್ಥಾನಗಳ ಮೇಲೆ.

ದೋಣಿಯ ಒಡಲೊಳಗೆ ಕೂರಿಸುವ ಡೀಸೆಲ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು ತಿರುಗುವುದು ಗುಂಡುಗಳ ಮೇಲಲ್ಲ. ಅರ್ಧ ಬಳೆಯಾಕಾರದ ಎರಡು ನಯವಾದ ಷೆಲ್‌ಗಳ ನಡುವೆ. ಷೆಲ್ಲಿಗೂ ಶಾಫ್ಟಿಗೂ ನಡುವೆ ಒಂದು ತೆರಪು ಇರಲೇಬೇಕು. ಶಾಫ್ಟಿನ ವ್ಯಾಸದ ಸಾವಿರದ ಒಂದು ಪಾಲು ಎಂಬುದು ಸ್ಥೂಲ ಲೆಕ್ಕ: 70 ಮಿಲಿಮೀಟರ್ ಶಾಫ್ಟಿಗೆ 0.07 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲೆಳೆ. ಇದು ಅಂದಾಜು ಮಾತ್ರ. ಕೊನೆಯ ಮಾತು ತಯಾರಕರ ಕೈಪಿಡಿಯದು.

ಆ ತೆರಪಿನಲ್ಲಿ ಎಣ್ಣೆ ಏನು ಮಾಡುತ್ತದೆ ಎಂಬುದು ತಿಳಿದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1880ರ ದಶಕದಲ್ಲಿ ಇಂಗ್ಲೆಂಡಿನ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ತೂತಿನಿಂದ ಎಣ್ಣೆ ಒಳಗೆ ಇಳಿಯುವ ಬದಲು ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಜಡಿದರೆ ಅದನ್ನೂ ಹೊರಕ್ಕೆ ತಳ್ಳಿತು. ತಿರುಗುವ ಶಾಫ್ಟು ಎಣ್ಣೆಯನ್ನು ತಾನೇ ಕಿರಿದಾಗುವ ಸಂದಿಗೆ ಎಳೆದುಕೊಂಡು, ಆ ಒತ್ತಡದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟ. ದೋಣಿ ನೀರಿನ ಮೇಲೆ ತೇಲುವಂತೆ ಅದರ ಎಂಜಿನ್ನಿನ ಶಾಫ್ಟು ಎಣ್ಣೆಯ ಮೇಲೆ ತೇಲುತ್ತದೆಂದರೆ ಮಕ್ಕಳಿಗೂ ಅರ್ಥವಾದೀತು.

ತೆರಪು ಕಡಿಮೆಯಾದರೆ ಎಣ್ಣೆಯ ಪದರ ನಿಲ್ಲದು. ಲೋಹಕ್ಕೆ ಲೋಹ ಉಜ್ಜಿ, ಕಾದು, ಶಾಫ್ಟು ಕಚ್ಚಿಕೊಳ್ಳುತ್ತದೆ. ಹೆಚ್ಚಾದರೆ ಎಣ್ಣೆ ಬದಿಗಳಿಂದ ಸೋರಿ ಒತ್ತಡ ಕುಸಿಯುತ್ತದೆ. ಆಗ ಮುಂದಿನ ಬೇರಿಂಗುಗಳಿಗೂ ಎಣ್ಣೆ ಸಾಲದು. ರಸ್ತೆಯ ವಾಹನಕ್ಕೆ ಇಳಿಜಾರಿನಲ್ಲಾದರೂ ಬಿಡುವುಂಟು. ದೋಣಿಯ ಎಂಜಿನ್ನಿಗೆ ಅದಿಲ್ಲ. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಅದು ಇಡೀ ಹೊತ್ತು ಘಾಟಿ ಏರುತ್ತಿರುವಂತೆಯೇ ದುಡಿಯುತ್ತದೆ.

ಬಲ್ಲ ಮಿಸ್ತ್ರಿ ಶಾಫ್ಟಿನ ಎಣ್ಣೆದಾರಿಗಳನ್ನು ಮೊದಲು ತೊಳೆಯುತ್ತಾನೆ. ನೆರೆಯಲ್ಲಿ ಮುಳುಗಿದ್ದ ಎಂಜಿನ್ನಾದರೆ ಅಲ್ಲಿ ಸಣ್ಣ ಮರಳು, ರೇವೆ ಕುಳಿತಿರಬಹುದು. ಆಮೇಲೆ ಮೈಕ್ರೋಮೀಟರಿನಿಂದ ಶಾಫ್ಟನ್ನು ಎರಡು ತುದಿಗಳಲ್ಲಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಅಳೆಯುತ್ತಾನೆ. ಸವೆತ ಎಲ್ಲ ಕಡೆಯೂ ಸಮನಾಗಿರುವುದಿಲ್ಲವಷ್ಟೆ. ಮಿತಿ ಮೀರಿ ಸವೆದಿದ್ದರೆ ಶಾಫ್ಟನ್ನು 0.25 ಮಿಲಿಮೀಟರಿನಷ್ಟು ಗ್ರೈಂಡ್ ಮಾಡಿಸಿ, ಆ ಅಳತೆಗೆ ಹೊಂದುವ ಅಂಡರ್‌ಸೈಜ್ ಷೆಲ್ ಹಾಕುತ್ತಾನೆ. ಷೆಲ್ ಕೂರಿಸಿ, ಕ್ಯಾಪನ್ನು ಅದರದೇ ಜಾಗದಲ್ಲಿ, ಅದರದೇ ದಿಕ್ಕಿನಲ್ಲಿಟ್ಟು, ಕೈಪಿಡಿ ಹೇಳಿದಷ್ಟೇ ಬಲದಿಂದ ಟಾರ್ಕ್ ಪಾನಾದಲ್ಲಿ ಬೋಲ್ಟ್ ಬಿಗಿದು, ಬೋರ್ ಗೇಜಿನಲ್ಲಿ ಒಳವ್ಯಾಸ ನೋಡುತ್ತಾನೆ. ಒಳವ್ಯಾಸ 70.070, ಶಾಫ್ಟು 69.995 ಎಂದಾದರೆ ತೆರಪು 0.075. ಐದನೆಯ ತರಗತಿಯ ವ್ಯವಕಲನವೇ ಸರಿ. ಆದರೆ ಬಿಂದು ಒಂದು ಮನೆ ಸರಿದರೆ ಎಂಜಿನ್ನೇ ಹೋಯಿತು.

ಇನ್ನೊಂದು ಸರಳ ಪರೀಕ್ಷೆಯೂ ಇದೆ. ಮೇಣದಂಥ ಪ್ಲಾಸ್ಟಿಕ್ ಎಳೆಯನ್ನು ಎಣ್ಣೆ ಒರೆಸಿದ ಶಾಫ್ಟಿನ ಮೇಲಿಟ್ಟು, ಶಾಫ್ಟು ತಿರುಗದಂತೆ ಕ್ಯಾಪ್ ಬಿಗಿದು ಮತ್ತೆ ಬಿಚ್ಚಬೇಕು. ಎಳೆ ಎಷ್ಟು ಅಗಲವಾಗಿ ಚಪ್ಪಟೆಯಾಗಿದೆಯೋ ತೆರಪು ಅಷ್ಟು ಕಡಿಮೆ. ಪೊಟ್ಟಣದ ಮೇಲಿನ ಪಟ್ಟಿಯೊಂದಿಗೆ ಹೋಲಿಸಿ ಓದಿಕೊಳ್ಳಬಹುದು.

ಇವೆಲ್ಲಕ್ಕೆ ಬದಲಾಗಿ ಸಡಿಲವಾದ ಕ್ಯಾಪನ್ನು ಅರದಿಂದ ಉಜ್ಜಿ ಬಿಗಿ ಮಾಡುವವರೂ, ಷೆಲ್ಲಿನ ಬೆನ್ನಿಗೆ ಕಾಗದದ ಚೂರು ಇಡುವವರೂ ಇದ್ದಾರೆ. ಶಾಫ್ಟನ್ನು ಕೈಯಿಂದ ತಿರುಗಿಸಿ ‘ಸರಿಯಿದೆ’ ಎನ್ನುವವರ ಅನುಭವವನ್ನು ಹೀಗಳೆಯುವಂತಿಲ್ಲ, ಆದರೆ 0.07ಕ್ಕೂ 0.12ಕ್ಕೂ ಇರುವ ಅಂತರ ಕೈಗೆ ತಿಳಿಯದು. ಎಂಜಿನ್ ಮುಚ್ಚಿದ ಮೇಲಂತೂ ಅದು ಯಾರ ಕಣ್ಣಿಗೂ ಕಾಣದು.

ಆದುದರಿಂದ ಅಳತೆಯನ್ನು ಬರೆಸಿಕೊಳ್ಳುವುದು ದೋಣಿಯವನ ಕೆಲಸ. ‘ಎಂಜಿನ್ ಕೆಲಸ, ಒಟ್ಟು ಇಷ್ಟು’ ಎಂಬ ಒಂದು ಸಾಲಿನ ಬಿಲ್ಲು ನಾಳೆ ಯಾವುದನ್ನೂ ಸಾಬೀತು ಮಾಡದು. ಪ್ರತಿ ಬೇರಿಂಗಿನ ಶಾಫ್ಟ್ ಅಳತೆ, ಒಳವ್ಯಾಸ, ತೆರಪು, ಹಾಕಿದ ಷೆಲ್ಲಿನ ಸೈಜು, ದಿನಾಂಕ, ಸಹಿ: ಅರ್ಧ ಹಾಳೆ ಸಾಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಹಣ ಪಡೆದು ಮಾಡಿದ ದುರಸ್ತಿಯೂ ಸೇವೆಯೇ. ಅದರ ನ್ಯೂನತೆಯ ವಿರುದ್ಧ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ವಾಣಿಜ್ಯ ಉದ್ದೇಶದ ವ್ಯವಹಾರವನ್ನು ಕಾಯಿದೆ ಹೊರಗಿಟ್ಟಿದೆಯಾದರೂ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವ ಸರಕಿಗೆ ವಿನಾಯಿತಿ ಇಟ್ಟಿದೆ.  ಪ್ರಾಮಾಣಿಕ ಮಿಸ್ತ್ರಿಗೂ ಆ ಹಾಳೆ ರಕ್ಷೆಯೇ. ಎಣ್ಣೆ ಹಾಕದೆ ಎಂಜಿನ್ ಸುಟ್ಟುಕೊಂಡವನು ತಪ್ಪನ್ನು ಷೆಡ್ಡಿನ ಮೇಲೆ ಹಾಕುವಂತಿಲ್ಲ.

ಇಷ್ಟೆಲ್ಲ ಮೃಗಶಿರಾ ಮಳೆಗೆ ಮುಂಚೆ ಆಗಬೇಕು. ಕಟ್ಟಿದ ಎಂಜಿನ್ನನ್ನು ಮೊದಲು ದಡದ ಬಳಿಯಲ್ಲೇ, ಕಡಿಮೆ ಭಾರದಲ್ಲಿ ಕೆಲವು ಗಂಟೆ ಓಡಿಸಿ, ಎಣ್ಣೆಯ ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ನಂತರ ಆ ಎಣ್ಣೆಯನ್ನು ಬಸಿದು ಬಿಳಿ ಬಟ್ಟೆಯ ಮೇಲೆ ಸೋಸಿ, ಬಿಸಿಲಿಗೆ ಹಿಡಿದು ನೋಡಬೇಕು. ಬೇರಿಂಗಿನ ಲೋಹದ ಹೊಳೆಯುವ ಚೂರುಗಳು ಕಂಡರೆ ದೋಣಿ ನೀರಿಗಿಳಿಯುವುದು ಬೇಡ. ಹಾಳೆ ಹಿಡಿದುಕೊಂಡು ಮತ್ತೆ ಕುಪವಾಡದ ದಾರಿ ಹಿಡಿಯಬೇಕು.