ಮಿಸ್ಟ್ರಲ್: ಕೈಬರಹದಂತೆ ಕಾಣುವ ಈ ಫಾಂಟ್ ಎಲ್ಲಿ ಚೆಂದ, ಎಲ್ಲಿ ಬೇಡ?

ಕಂಪ್ಯೂಟರಿನಲ್ಲಿ ಆಮಂತ್ರಣ ಪತ್ರಿಕೆ ಮಾಡಲು ಕುಳಿತವರು ಫಾಂಟ್ ಪಟ್ಟಿಯಲ್ಲಿ ಮಿಸ್ಟ್ರಲ್ ಎಂಬ ಹೆಸರನ್ನು ಕಂಡಿರಬಹುದು. ಅವಸರದಲ್ಲಿ ಗೀಚಿದಂತೆ ಕಾಣುವ ಈ ಇಂಗ್ಲಿಷ್ ಅಕ್ಷರಗಳು ಹುಟ್ಟಿದ್ದು ಮಾತ್ರ ಕಂಪ್ಯೂಟರಿಗಾಗಿ ಅಲ್ಲ, ಸೀಸದ ಅಚ್ಚುಮೊಳೆಗಾಗಿ.

ಫ್ರಾನ್ಸಿನ ವಿನ್ಯಾಸಕ ರೋಜೆ ಎಕ್ಸ್‌ಕೋಫೋನ್ ತಮ್ಮದೇ ಕೈಬರಹವನ್ನು ಆಧರಿಸಿ ಇದನ್ನು ರೂಪಿಸಿದರು. ಮಾರ್ಸೇ ನಗರದ ಫೋಂಡರಿ ಒಲಿವ್ 1953ರಲ್ಲಿ ಬಿಡುಗಡೆ ಮಾಡಿತು. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ಚಳಿಗಾಳಿಯ ಹೆಸರೇ ಮಿಸ್ಟ್ರಲ್.

ಅಚ್ಚುಮೊಳೆಯಲ್ಲಿ ಪ್ರತಿ ಅಕ್ಷರವೂ ಬೇರೆ ಬೇರೆ ತುಂಡು. ಆದರೂ ಓದುವವರಿಗೆ ಪೆನ್ನು ಎತ್ತದೆ ಬರೆದಂತೆ ಕಾಣಬೇಕು. ಅಂದರೆ ಒಂದು ಅಕ್ಷರದ ಬಾಲ ಮುಗಿಯುವ ಜಾಗದಲ್ಲೇ ಮುಂದಿನದು, ಅದು ಯಾವುದೇ ಆಗಿರಲಿ, ಶುರುವಾಗಬೇಕು. ಅಕ್ಷರಗಳ ಎತ್ತರವೂ ಒಂದೇ ಸಮ ಇಲ್ಲದ್ದರಿಂದ ಯಂತ್ರದ ಗುರುತು ಮರೆಯಾಗುತ್ತದೆ. 2011ರ ಹಾಲಿವುಡ್ ಚಿತ್ರ 'ಡ್ರೈವ್' ಶೀರ್ಷಿಕೆಯಲ್ಲಿ ಗುಲಾಬಿ ಬಣ್ಣದಲ್ಲಿ ಮಿಂಚಿದ್ದು ಇದೇ ಫಾಂಟ್.

ಆದರೆ ನಿಜವಾದ ಕೈಬರಹದಲ್ಲಿ ಒಂದೇ ಅಕ್ಷರವನ್ನು ಎರಡು ಸಲ ಬರೆದರೆ ಎರಡೂ ತುಸು ಬೇರೆಯಾಗಿರುತ್ತವೆ. ಫಾಂಟಿನಲ್ಲಿ ತದ್ರೂಪ. ಜೋಡಿ ಅಕ್ಷರ ಬಂದ ಕೂಡಲೇ ಗುಟ್ಟು ರಟ್ಟು! ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಕ್ಯಾವಿಯಟ್‌ನಂಥ ಹೊಸ ಫಾಂಟ್‌ಗಳು ಪದದೊಳಗಿನ ಸ್ಥಾನ ನೋಡಿ ಅಕ್ಷರದ ಆಕಾರವನ್ನು ಕೊಂಚ ಬದಲಿಸಿ ಇದನ್ನು ಮರೆಮಾಚುತ್ತವೆ.

ಹಾಗಾದರೆ ಎಲ್ಲಿ ಬಳಸಬೇಕು? ವಧೂವರರ ಹೆಸರು, ಅಂಗಡಿಯ ಹೆಸರು, ಒಂದು ಸಾಲಿನ ಶುಭಾಶಯ, ಅಷ್ಟೇ. ಇಡೀ ಪ್ಯಾರಾ ಇದರಲ್ಲಿದ್ದರೆ ಕಣ್ಣಿಗೆ ತ್ರಾಸ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದಂತೂ ಬೇಡವೇ ಬೇಡ. ಒಂದಕ್ಕೊಂದು ಕೂಡುವುದು ಚಿಕ್ಕಕ್ಷರಗಳು. ದೊಡ್ಡಕ್ಷರಗಳು ಸಾಲಾಗಿ ನಿಂತರೆ ಹೆಸರೇ ತಿಳಿಯದು. ಮುಹೂರ್ತದ ಸಮಯ, ಕಲ್ಯಾಣ ಮಂಟಪದ ವಿಳಾಸ, ಫೋನ್ ನಂಬರ್ ಸಾದಾ ಫಾಂಟಿನಲ್ಲೇ ಇರಲಿ. ಊರಿನಿಂದ ಬರುವ ಹಿರಿಯರು ಕಾರ್ಡ್ ಹಿಡಿದು ದಾರಿ ಕೇಳಬೇಕಲ್ಲ!

ಇನ್ನು ಕನ್ನಡದ ವಿಷಯ. ಮಿಸ್ಟ್ರಲ್ ಆರಿಸಿ ಕನ್ನಡ ಟೈಪ್ ಮಾಡಿದರೆ ಅಕ್ಷರ ಬದಲಾಗುವುದಿಲ್ಲ. ಅದರಲ್ಲಿ ಕನ್ನಡವೇ ಇಲ್ಲ. ವಿಂಡೋಸ್ ತನ್ನಲ್ಲಿರುವ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ತಂದಿಡುತ್ತದೆ. ಅಲ್ಲದೆ ಕನ್ನಡದಲ್ಲಿ ಅಕ್ಷರಗಳು ಸಾಲಿನುದ್ದಕ್ಕೂ ಬೆಸೆದುಕೊಳ್ಳುವುದಿಲ್ಲ, ಒತ್ತು ಕೆಳಗೆ ಇಳಿಯುತ್ತದೆ. ಹಾಗಾಗಿ ನಮ್ಮ ಲಿಪಿಯಲ್ಲಿ ಸಲುಗೆಯ ನೋಟ ಬರಬೇಕಾದ್ದು ತಲೆಕಟ್ಟಿನ ಓರೆಯಿಂದ, ದುಂಡಗಿನ ತಿರುವುಗಳಿಂದ. ಗೂಗಲ್ ಫಾಂಟ್ಸ್‌ನಲ್ಲಿರುವ ಬಾಲೂ ತಮ್ಮ ಮತ್ತು ಅಕಾಯ ಕನಡಕ ಎರಡನ್ನೂ ಒಮ್ಮೆ ನೋಡಬಹುದು. ಮೊದಲನೆಯದು ದಪ್ಪ, ದುಂಡಗೆ, ಶೀರ್ಷಿಕೆಗೆ ಸೈ.

ಕಾರ್ಡ್ ಸಿದ್ಧವಾದ ಮೇಲೆ ಪ್ರೆಸ್‌ಗೆ ವರ್ಡ್ ಫೈಲ್ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೊಂದು ಬಂದು ಕೂರುತ್ತದೆ. ಪಿಡಿಎಫ್ ಮಾಡಿ ಕಳಿಸಿ, ಒಂದು ಪ್ರತಿ ತೆಗೆಸಿ ನೋಡಿದ ಮೇಲೆಯೇ ಅಚ್ಚಿಗೆ ಹೇಳಿ.